ಗೂಗಲ್ ಫ್ಯಾಮಿಲಿ ಲಿಂಕ್: ಮಗುವಿಗೆ ಬೇರೆ ಫೋನ್ ಇದ್ದರೆ ಸರಿ, ಅಮ್ಮನ ಫೋನೇ ಆದರೆ ಸಾಲದು

ಮಗುವಿಗೆಂದೇ ಒಂದು ಆಂಡ್ರಾಯ್ಡ್ ಫೋನೋ ಟ್ಯಾಬೋ ಮನೆಯಲ್ಲಿದ್ದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಹಾಕಿಕೊಳ್ಳಿ. 2017ರಲ್ಲಿ ಬಂದ ಈ ಆ್ಯಪ್‌ಗೆ ಪೈಸೆ ಕೊಡಬೇಕಿಲ್ಲ. ಸಮಯಕ್ಕೆ ಕಡಿವಾಣ ಹಾಕುವುದು, ಹೊಸ ಆ್ಯಪ್‌ಗಳನ್ನು ಬಾಗಿಲಲ್ಲೇ ತಡೆಯುವುದು, ಈ ಎರಡು ಕೆಲಸಗಳನ್ನು ಅದು ನಿಯತ್ತಾಗಿ ಮಾಡುತ್ತದೆ. ಆ್ಯಪ್ ತೆರೆದ ಮೇಲೆ ಅದರೊಳಗೆ ಮಗು ಏನು ನೋಡುತ್ತಿದೆ ಎಂದು ಕಾಯುವುದು ಮಾತ್ರ ಅದರಿಂದ ಅಷ್ಟಾಗಿ ಆಗುವುದಿಲ್ಲ. 5ಕ್ಕೆ 3.5 ಅಂಕ ಕೊಡಬಹುದು.

ಆ 3.5 ಕೂಡ ಮಗುವಿಗೆ ಬೇರೆ ಫೋನ್ ಇರುವ ಮನೆಯ ಲೆಕ್ಕ. ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಅಂಥ ಫೋನ್ ಇರುವುದಿಲ್ಲ. ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಹೋಂವರ್ಕ್ ಬಂದಾಗ ಅಮ್ಮನ ಫೋನ್, ಅಪ್ಪ ಮಂಡಿಪೇಟೆಯಿಂದ ಬಂದ ಮೇಲೆ ಅಪ್ಪನ ಫೋನ್, ಎರಡೂ ಸಿಗದಿದ್ದರೆ ಅಜ್ಜಿಯ ಫೋನ್. ಫ್ಯಾಮಿಲಿ ಲಿಂಕ್ ಕಾಯುವುದು ಮಗುವಿನ ಹೆಸರಿನ ಗೂಗಲ್ ಖಾತೆಯನ್ನು. ಅಮ್ಮನ ಖಾತೆ ಇರುವ ಫೋನನ್ನು ಮಗು ಹಿಡಿದುಕೊಂಡರೆ ಗೂಗಲ್‌ಗೆ ಅದು ಅಮ್ಮನೇ. ಹಾಗಾಗಿ ಈ ವಿಮರ್ಶೆಯಲ್ಲಿ ಹಂಚಿಕೊಂಡ ಫೋನಿನ ವಿಷಯ ಮೊದಲು, ಆ್ಯಪ್‌ನ ವಿಷಯ ಆಮೇಲೆ.

ಅಮ್ಮನ ಫೋನಿನಲ್ಲಿ ಮೊದಲು ಮಾಡಬೇಕಾದ್ದು

ದುಡ್ಡಿನ ಬಾಗಿಲನ್ನು ಮೊದಲು ಮುಚ್ಚಿ. ಯುಪಿಐ ಪಿನ್ ಮಗುವಿಗೆ ಗೊತ್ತಿಲ್ಲವಲ್ಲ ಎಂಬ ಧೈರ್ಯ ಬಹಳ ಜನರಿಗಿದೆ. ಆದರೆ ಯುಪಿಐ ಲೈಟ್ ಚಾಲೂ ಮಾಡಿದ್ದರೆ ಒಂದು ಸಲಕ್ಕೆ 1,000 ರೂಪಾಯಿವರೆಗೆ ಪಿನ್ ಕೇಳದೆಯೇ ಹಣ ಹೋಗುತ್ತದೆ, ಅದರಲ್ಲಿ 5,000 ರೂಪಾಯಿವರೆಗೆ ತುಂಬಿಡಬಹುದು. ಮಗು ಮುಟ್ಟುವ ಫೋನಿನಲ್ಲಿ ಅದನ್ನು ತೆಗೆದುಬಿಡಿ, ಉಳಿದ ಹಣ ಬ್ಯಾಂಕ್ ಖಾತೆಗೇ ವಾಪಸ್ ಬರುತ್ತದೆ. ಇನ್ನೊಂದು ತೊಡಕು ಸ್ಕ್ರೀನ್ ಲಾಕಿನದು. ಫೋನ್‌ಪೇ, ಗೂಗಲ್ ಪೇ ತೆರೆಯುವಾಗ ಕೇಳುವುದು ಬಹಳಷ್ಟು ಸಲ ಫೋನಿನದೇ ಲಾಕ್. ಆ ಪ್ಯಾಟರ್ನ್ ಮಗುವಿಗೆ ಗೊತ್ತಿದ್ದರೆ ಆ ಬೀಗ ಇದ್ದೂ ಇಲ್ಲದ ಹಾಗೆ. ಪ್ಯಾಟರ್ನ್ ಬಿಟ್ಟು ಆರಂಕಿಯ ಪಿನ್‌ಗೆ ಬದಲಾಗಿ. ಪ್ಯಾಟರ್ನನ್ನು ಪಕ್ಕದಲ್ಲಿ ಕೂತ ಮಗು ಒಂದೇ ನೋಟಕ್ಕೆ ಕಲಿಯುತ್ತದೆ, ಗಾಜಿನ ಮೇಲೆ ಉಳಿದ ಬೆರಳಿನ ಗುರುತೂ ಅದನ್ನು ಹೇಳಿಕೊಡುತ್ತದೆ.

ಪ್ಲೇ ಸ್ಟೋರಿನಲ್ಲಿ ಬಲಮೇಲಿನ ನಿಮ್ಮ ಚಿತ್ರ ಒತ್ತಿ ಸೆಟ್ಟಿಂಗ್ಸ್‌ಗೆ ಹೋದರೆ ಎರಡು ಕೆಲಸ ಮುಗಿಯುತ್ತದೆ. ಖರೀದಿಯ ದೃಢೀಕರಣವನ್ನು ‘ಪ್ರತಿ ಖರೀದಿಗೂ’ ಎಂದು ಇಡಿ. ಫ್ಯಾಮಿಲಿ ವಿಭಾಗದ ಪೇರೆಂಟಲ್ ಕಂಟ್ರೋಲ್ಸ್ ಆನ್ ಮಾಡಿ, ಫೋನಿನ ಪಿನ್‌ಗಿಂತ ಬೇರೆಯಾದ ನಾಲ್ಕಂಕಿ ಕೊಟ್ಟು, ಆ್ಯಪ್‌ಗಳ ವಯೋಮಿತಿಯನ್ನು ಚಿಕ್ಕ ಮಗುವಾದರೆ 3+, ಮಿಡ್ಲ್ ಸ್ಕೂಲಿನವರಾದರೆ 7+ಗೆ ನಿಲ್ಲಿಸಿ. ನಿಮಗೇ ಏನಾದರೂ ಬೇಕಾದಾಗ ಪಿನ್ ಹಾಕಿ ತೆಗೆದು ಮತ್ತೆ ಹಾಕುವುದು ಸ್ವಲ್ಪ ಕಿರಿಕಿರಿಯೇ. ಈಗಾಗಲೇ ಇಳಿಸಿಕೊಂಡಿರುವ ಆಟಗಳನ್ನು ಇದು ಮುಟ್ಟುವುದಿಲ್ಲ, ಅವನ್ನು ನೀವೇ ಅಳಿಸಬೇಕು.

ಇನ್ನು ಫೋನ್ ಕೈಗೆ ಕೊಡುವ ಹೊತ್ತು. ಆಂಡ್ರಾಯ್ಡ್‌ನಲ್ಲಿ ‘ಆ್ಯಪ್ ಪಿನ್ನಿಂಗ್’ ಎಂಬ ಸೌಲಭ್ಯ ಇದೆ. ಕೆಲವು ಕಂಪನಿಗಳ ಫೋನಿನಲ್ಲಿ ಇದರ ಹೆಸರು ‘ಸ್ಕ್ರೀನ್ ಪಿನ್ನಿಂಗ್’. ಸೆಟ್ಟಿಂಗ್ಸ್‌ನ ಸೆಕ್ಯುರಿಟಿ ವಿಭಾಗದಲ್ಲಿ ಹುಡುಕಿ ಆನ್ ಮಾಡಿ, ಅದರ ಕೆಳಗೇ ಇರುವ ‘ಹೊರಬರುವಾಗ ಪಿನ್ ಕೇಳು’ ಎಂಬುದನ್ನೂ ಆನ್ ಮಾಡಿ. ಆಮೇಲೆ ಮಗುವಿಗೆ ಬೇಕಾದ ಆ್ಯಪ್ ತೆರೆದು, ಇತ್ತೀಚಿನ ಆ್ಯಪ್‌ಗಳ ಪರದೆಗೆ ಹೋಗಿ, ಅದರ ಐಕಾನ್ ಒತ್ತಿದರೆ ‘ಪಿನ್’ ಎಂದು ಬರುತ್ತದೆ. ಅಲ್ಲಿಂದ ಆಚೆ ಮಗು ಆ ಆ್ಯಪ್ ಬಿಟ್ಟು ವಾಟ್ಸ್ಆ್ಯಪ್‌ಗೋ ಫೋಟೋಗಳಿಗೋ ಹೋಗಲಾರದು. ಸ್ಯಾಮ್ಸಂಗ್ ಫೋನ್ ಆದರೆ ಸ್ಯಾಮ್ಸಂಗ್ ಕಿಡ್ಸ್, ಒಪ್ಪೊ ಮತ್ತು ರಿಯಲ್‌ಮಿಗಳಲ್ಲಿ ಕಿಡ್ ಸ್ಪೇಸ್ ಇವೆ. ಕೆಲವು ಆ್ಯಪ್‌ಗಳನ್ನಷ್ಟೇ ಆರಿಸಿ ಕೊಡಬಹುದು, ಗಡುವನ್ನೂ ಇಡಬಹುದು. ಐದಾರು ವರ್ಷದ ಮಗುವಿಗೆ ಫ್ಯಾಮಿಲಿ ಲಿಂಕ್‌ಗಿಂತ ಇವೇ ವಾಸಿ.

ವಿಡಿಯೋಗೆ ಯೂಟ್ಯೂಬ್ ಕಿಡ್ಸ್ ಬಳಸಿ, ದೊಡ್ಡವರ ಯೂಟ್ಯೂಬ್ ಬೇಡ. ಅದರಲ್ಲಿ ವಯಸ್ಸಿಗೆ ತಕ್ಕ ಮೂರು ಹಂತಗಳಿವೆ: 4ರವರೆಗೆ, 5ರಿಂದ 8, 9ರಿಂದ 12. ನೀವು ಆರಿಸಿದ ಚಾನೆಲ್‌ಗಳನ್ನು ಮಾತ್ರ ತೋರಿಸುವ ನಾಲ್ಕನೆಯ ಆಯ್ಕೆಯೂ ಇದೆ. ಎಂಟು ವರ್ಷದೊಳಗಿನವರಿಗೆ ನಾವು ಹೇಳುವುದು ಆ ನಾಲ್ಕನೆಯದನ್ನೇ. ಮೂಲೆಯಲ್ಲಿರುವ ಬೀಗದ ಚಿಹ್ನೆ ಒತ್ತಿದರೆ 1ರಿಂದ 60 ನಿಮಿಷದವರೆಗೆ ಟೈಮರ್ ಇಡಬಹುದು. ಇಲ್ಲೊಂದು ಚಿಕ್ಕ ಎಡವಟ್ಟಿದೆ: ಆ ಬೀಗ ತೆರೆಯಲು ಆ್ಯಪ್ ಕೇಳುವುದು ಒಂದು ಗುಣಾಕಾರದ ಲೆಕ್ಕ. ಮಗ್ಗಿ ಬಾಯಿಪಾಠ ಇರುವ ಮೂರನೇ ಕ್ಲಾಸಿನ ಹುಡುಗಿ 7×8 ಎಷ್ಟೆಂದು ಅಮ್ಮನಿಗಿಂತ ಮೊದಲೇ ಒತ್ತುತ್ತಾಳೆ. ಲೆಕ್ಕದ ಬದಲು ನಿಮ್ಮದೇ ಪಾಸ್‌ಕೋಡ್ ಇಡುವ ಆಯ್ಕೆ ಅದೇ ಪರದೆಯಲ್ಲಿದೆ. ಮೊದಲ ದಿನವೇ ಅದನ್ನು ಇಟ್ಟುಬಿಡಿ.

ಇಷ್ಟನ್ನೂ ಅಜ್ಜಿಯ ಫೋನಿನಲ್ಲೂ ಮಾಡಬೇಕು. ಅಪ್ಪ-ಅಮ್ಮನ ಫೋನಿಗೆ ಭದ್ರ ಬೀಗ ಬಿದ್ದ ಮನೆಯಲ್ಲಿ ಮಗು ಹೋಗಿ ಕೂರುವುದು ಅಲ್ಲಿಯೇ.

ಬೇರೆ ಫೋನ್ ಇದ್ದರೆ: ಫ್ಯಾಮಿಲಿ ಲಿಂಕ್ ಹಾಕುವ ಬಗೆ

ಹಳೆಯ ಫೋನನ್ನೇ ಮಗುವಿಗೆ ಕೊಡುವವರು ಹೆಚ್ಚು. ಕೊಡಿ, ತಪ್ಪೇನಿಲ್ಲ. ಆದರೆ ಮೊದಲು ಅದನ್ನು ಪೂರ್ತಿ ಫ್ಯಾಕ್ಟರಿ ರೀಸೆಟ್ ಮಾಡಿ, ಅಂದರೆ ಅದರಲ್ಲಿರುವುದನ್ನೆಲ್ಲ ಅಳಿಸಿ ಹೊಸ ಫೋನಿನಂತೆ ಮಾಡಿ. ಹಳೆಯ ಖಾತೆ, ಹಳೆಯ ಪಾಸ್‌ವರ್ಡ್‌ಗಳು, ಹಳೆಯ ಬ್ರೌಸರ್‌ಗಳು ಉಳಿದರೆ ಎಲ್ಲ ಕಟ್ಟುಪಾಡಿಗೂ ಹಿಂಬಾಗಿಲು ಇಟ್ಟಂತೆ. ಆ ಫೋನಿನಲ್ಲಿ ಮಗುವಿನ ಖಾತೆ ಒಂದೇ ಇರಬೇಕು.

ಖಾತೆಯಲ್ಲೇ ಮೊದಲ ಗಂಟು. ಹೊಸ ಫೋನ್ ಮಾರುವಾಗ ಅಂಗಡಿಯಲ್ಲೇ ಒಂದು ಜಿಮೇಲ್ ಮಾಡಿಕೊಡುವ ರೂಢಿ ಇದೆ. ಬೇಗ ಮುಗಿಯಲಿ ಎಂದು ಹುಟ್ಟಿದ ವರ್ಷ ಏನೋ ಒಂದು ಹಾಕಿರುತ್ತಾರೆ. ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಆ ಖಾತೆಯ ಮಟ್ಟಿಗೆ ನಿಮ್ಮ ನಾಲ್ಕನೇ ಕ್ಲಾಸಿನ ಮಗ ಮೂವತ್ತು ವರ್ಷದವನು. ಅದನ್ನು ಬಿಟ್ಟುಬಿಡಿ. ನಿಮ್ಮ ಫೋನಿನಲ್ಲಿ ಫ್ಯಾಮಿಲಿ ಲಿಂಕ್ ಇಳಿಸಿ, ನಿಮ್ಮ ಖಾತೆಯಿಂದ ಒಳಗೆ ಹೋಗಿ, ಮಗುವನ್ನು ಸೇರಿಸುವ ಆಯ್ಕೆಯಲ್ಲಿ ಹೊಸ ಖಾತೆಯನ್ನೇ ತೆರೆಯಿರಿ. ಹುಟ್ಟಿದ ದಿನಾಂಕ ನಿಜವಾದದ್ದೇ ಇರಲಿ. ವಯಸ್ಸು ನೋಡಿಯೇ ಆ್ಯಪ್ ತನ್ನ ನಿಯಮಗಳನ್ನು ಹಾಕುತ್ತದೆ. ಪಾಸ್‌ವರ್ಡನ್ನು ನೀವಿಟ್ಟುಕೊಳ್ಳಿ. ಆಮೇಲೆ ಮಗುವಿನ ಫೋನ್ ಆನ್ ಮಾಡಿ ಈ ಖಾತೆಯಿಂದ ಒಳಗೆ ಹೋದರೆ ಅದು ನಿಮ್ಮ ಪಾಸ್‌ವರ್ಡ್ ಕೇಳಿ, ನಿಗಾ ಜೋಡಿಸಿಕೊಳ್ಳುತ್ತದೆ. ಎರಡೂ ಫೋನ್ ಚಾರ್ಜಿಗೆ ಹಾಕಿ, ಎರಡಕ್ಕೂ ಇಂಟರ್ನೆಟ್ ಇರುವ ಕಡೆ ಕೂತರೆ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸ.

ಜೋಡಿಸಿದ ಮೇಲೆ ಎಲ್ಲರೂ ಮೊದಲು ಒತ್ತುವುದು ದಿನದ ಮಿತಿಯನ್ನು. ಅದಕ್ಕಿಂತ ಮೊದಲು ಆ ಫೋನಿನ ಡಿವೈಸ್ ಸೆಟ್ಟಿಂಗ್ಸ್ ತೆರೆದು ಮೂರನ್ನು ಮುಚ್ಚಬೇಕು: ಬೇರೆ ಬಳಕೆದಾರರನ್ನು ಸೇರಿಸುವುದು, ಪ್ಲೇ ಸ್ಟೋರ್ ಹೊರಗಿನ ಆ್ಯಪ್ ಹಾಕುವುದು, ಡೆವಲಪರ್ ಆಯ್ಕೆಗಳು. ಎರಡನೆಯದು ಬಹಳ ಮುಖ್ಯ. ಮಕ್ಕಳ ನಡುವೆ ಆಟಗಳು ಓಡಾಡುವುದು ಎಪಿಕೆ ಫೈಲಾಗಿ (ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕಿಕೊಳ್ಳುವ ಫೈಲ್), ಟೆಲಿಗ್ರಾಂ ಗುಂಪಿನಿಂದ ಅಥವಾ ಗೆಳೆಯನ ಫೋನಿನಿಂದ ನೇರವಾಗಿ. ಅವು ಪ್ಲೇ ಸ್ಟೋರಿನ ತಪಾಸಣೆಗೆ ಸಿಕ್ಕಿರುವುದಿಲ್ಲ, ನಿಮ್ಮ ಒಪ್ಪಿಗೆಯನ್ನೂ ಕೇಳುವುದಿಲ್ಲ.

ಈಗ ಸಮಯ. ಭಾರತೀಯ ಮಕ್ಕಳ ವೈದ್ಯರ ಸಂಘ ಐಎಪಿ 2021ರಲ್ಲಿ ಕೊಟ್ಟ ಮಾರ್ಗಸೂಚಿ ಸರಳವಾಗಿದೆ: 2 ವರ್ಷದೊಳಗೆ ದೂರದ ಬಂಧುಗಳ ಜೊತೆ ಆಗೊಮ್ಮೆ ಈಗೊಮ್ಮೆ ವಿಡಿಯೋ ಕರೆ ಬಿಟ್ಟರೆ ಪರದೆಯೇ ಬೇಡ, 2ರಿಂದ 5ರವರೆಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, 5ರಿಂದ 10ರವರೆಗೆ 2 ಗಂಟೆಗಿಂತ ಕಡಿಮೆ. ಇದು ಟಿವಿಯನ್ನೂ ಸೇರಿಸಿದ ಲೆಕ್ಕ ಎಂಬುದನ್ನು ಮರೆಯಬೇಡಿ. ಮನೆಯಲ್ಲಿ ಸಂಜೆ ಧಾರಾವಾಹಿ ಓಡುತ್ತಿದ್ದರೆ ಮಗುವಿನ ಫೋನಿಗೆ ಉಳಿಯುವುದು ಶಾಲೆಯ ದಿನ 45 ನಿಮಿಷ, ಭಾನುವಾರ ಒಂದೂಕಾಲು ಗಂಟೆ. ವಾರದ ಒಂದೊಂದು ದಿನಕ್ಕೂ ಬೇರೆ ಬೇರೆ ಮಿತಿ ಇಡಲು ಬರುತ್ತದೆ. ‘ಡೌನ್‌ಟೈಮ್’ ರಾತ್ರಿ 8:30ರಿಂದ ಬೆಳಿಗ್ಗೆ 7ರವರೆಗೆ ಇರಲಿ. ಆ ಹೊತ್ತಿನಲ್ಲಿ ಫೋನ್ ಬೀಗ ಹಾಕಿಕೊಂಡರೂ ಬಂದ ಕರೆ ತೆಗೆದುಕೊಳ್ಳಬಹುದು, ತುರ್ತು ಕರೆ ಮಾಡಬಹುದು.

‘ಸ್ಕೂಲ್ ಟೈಮ್’ ಎಂಬುದನ್ನು ಹೆಸರು ನೋಡಿ ಕಡೆಗಣಿಸುವವರೇ ಹೆಚ್ಚು, ಮಗು ಶಾಲೆಗೆ ಫೋನ್ ಒಯ್ಯುವುದಿಲ್ಲವಲ್ಲ ಎಂದು. ಆದರೆ ಹಗಲಿನ ಮಧ್ಯೆ ಬೇಕಾದ ಹೊತ್ತಿಗೆ ಆಟ-ವಿಡಿಯೋಗಳನ್ನೆಲ್ಲ ಮುಚ್ಚಿ, ನೀವು ಹೇಳಿದ ಒಂದೆರಡು ಆ್ಯಪ್‌ಗಳನ್ನಷ್ಟೇ ಬಿಡುವ ಸೌಲಭ್ಯ ಅದೇ. ಟ್ಯೂಷನ್ ಹೊತ್ತಿಗೆ ಅದನ್ನು ಇಡಿ. ಸಂಜೆ 5ರಿಂದ 6:30ಕ್ಕೂ ಇಡಿ, ಹೈಸ್ಕೂಲ್ ಮೈದಾನದಲ್ಲಿ ಬ್ಯಾಟು-ಬಾಲು ಹಿಡಿದ ಗೆಳೆಯರು ಕಾಯುತ್ತಿರುವ ಹೊತ್ತು ಅದು. ಏಪ್ರಿಲ್-ಮೇ ರಜೆಯಲ್ಲಿ ಈ ವೇಳಾಪಟ್ಟಿ ಪೂರ್ತಿ ಬದಲಾಗಬೇಕು. ನಮ್ಮೂರಿನ ಬಿಸಿಲಿನಲ್ಲಿ ಮಧ್ಯಾಹ್ನ ಮಕ್ಕಳು ಮನೆಯೊಳಗೇ ಇರುತ್ತಾರೆ, ಫೋನಿನ ಸಮಯವನ್ನು ಆ ಮಧ್ಯಾಹ್ನಕ್ಕೇ ಕೊಟ್ಟು ಬೆಳಿಗ್ಗೆ-ಸಂಜೆ ಮುಚ್ಚಿಟ್ಟರೆ ರಂಪ ಕಡಿಮೆ. ಊರಿಗೆ ಹೋದಾಗ, ದುಗ್ಗಮ್ಮನ ಜಾತ್ರೆಗೆ ಮನೆ ತುಂಬ ನೆಂಟರು ಬಂದಾಗ ಮಿತಿಯನ್ನೇ ತೆಗೆದುಹಾಕಬೇಡಿ. ಆ ದಿನಕ್ಕಷ್ಟೇ ‘ಬೋನಸ್ ಟೈಮ್’ ಕೊಡಿ, ಮರುದಿನ ತಾನಾಗಿ ಹಳೆಯ ಮಿತಿಗೆ ಮರಳುತ್ತದೆ.

ಎಲ್ಲಿ ಸೋರುತ್ತದೆ

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಮಕ್ಕಳು. ಎಲ್ಲಕ್ಕಿಂತ ಹೆಚ್ಚು ಸೋರುವುದು ಅಮ್ಮನ ಫೋನಿನಿಂದಲೇ: ಅದರ ಲಾಕ್ ಗೊತ್ತಿದ್ದರೆ ಮಗು ಅದರಲ್ಲೇ ಫ್ಯಾಮಿಲಿ ಲಿಂಕ್ ತೆರೆದು ತನಗೆ ತಾನೇ ಒಂದು ಗಂಟೆ ಬೋನಸ್ ಕೊಟ್ಟುಕೊಳ್ಳುತ್ತದೆ. ಶಿಯೋಮಿ, ವಿವೊ, ಒಪ್ಪೊ ಫೋನುಗಳಲ್ಲಿ ಆ್ಯಪ್ ಲಾಕ್ ಕಂಪನಿಯದೇ ಇರುತ್ತದೆ. ಫ್ಯಾಮಿಲಿ ಲಿಂಕ್‌ಗೆ ಬೇರೆ ಪಿನ್ ಹಾಕಿ. ನಿಮ್ಮ ಗೂಗಲ್ ಪಾಸ್‌ವರ್ಡ್ ಅಡುಗೆಮನೆಯ ಕ್ಯಾಲೆಂಡರಿನಲ್ಲೋ ಡೈರಿಯಲ್ಲೋ ಬರೆದಿದ್ದರೆ ಅದನ್ನೂ ಬದಲಿಸಿ.

ದಿನದ ಮಿತಿ ಒಂದೊಂದು ಸಾಧನಕ್ಕೂ ಬೇರೆ ಬೇರೆ ಲೆಕ್ಕ. ಫೋನಿಗೆ 1 ಗಂಟೆ, ಟ್ಯಾಬಿಗೆ 1 ಗಂಟೆ ಎಂದು ಇಟ್ಟರೆ ಮಗುವಿಗೆ ಸಿಗುವುದು 2 ಗಂಟೆ. ಎರಡಿದ್ದರೆ ಅರ್ಧರ್ಧ ಮಾಡಿ.

ಒಪ್ಪಿಗೆ ಕೇಳುವುದು ಮೊದಲ ಸಲ ಇಳಿಸುವಾಗ ಮಾತ್ರ. ಒಮ್ಮೆ ಒಪ್ಪಿದ ಆಟವನ್ನು ನೀವು ಸಿಟ್ಟಿನಿಂದ ಅಳಿಸಿದರೆ ಮಗು ಮತ್ತೆ ಇಳಿಸಿಕೊಳ್ಳಬಹುದು, ಆಗ ನಿಮಗೆ ಕೋರಿಕೆ ಬರುವುದಿಲ್ಲ. ಬೇಡವಾದದ್ದನ್ನು ಅಳಿಸಬೇಡಿ, ಆ್ಯಪ್ ಪಟ್ಟಿಯಲ್ಲಿ ‘ಬ್ಲಾಕ್’ ಮಾಡಿ. ಕೋರಿಕೆ ಬಂದಾಗ ಅವಸರದಲ್ಲಿ ಒಪ್ಪಿಗೆ ಒತ್ತುವ ಅಭ್ಯಾಸವೂ ಅಪಾಯದ್ದು. ವಯೋಮಿತಿ, ಜಾಹೀರಾತು ಇದೆಯೇ, ಒಳಗೆ ಖರೀದಿ ಇದೆಯೇ, ಈ ಮೂರನ್ನು ಪ್ಲೇ ಸ್ಟೋರಿನ ಪುಟದಲ್ಲಿ ನೋಡಲು ಅರ್ಧ ನಿಮಿಷ ಸಾಕು. ಖರೀದಿಗೆ ಒಪ್ಪಿಗೆ ಕೇಳುವುದು ಕೂಡ ಗೂಗಲ್ ಪ್ಲೇ ಮೂಲಕ ಹಣ ಹೋದರೆ ಮಾತ್ರ. ಫ್ರೀ ಫೈರ್ ಮ್ಯಾಕ್ಸ್ ಆಟದೊಳಗೆ ಬಳಸುವ ಡೈಮಂಡನ್ನು ಹೊರಗಿನ ವೆಬ್‌ಸೈಟಿನಲ್ಲಿ ಯುಪಿಐನಿಂದ ಕೊಂಡರೆ ಫ್ಯಾಮಿಲಿ ಲಿಂಕ್‌ಗೆ ಸುಳಿವೂ ಸಿಗುವುದಿಲ್ಲ.

ವೆಬ್‌ಸೈಟ್ ಸೋಸುವ ಕೆಲಸ ನಡೆಯುವುದು ಕ್ರೋಮ್‌ನಲ್ಲಿ. ಅಶ್ಲೀಲ ಸೈಟ್ ತಡೆಯಲು ಪ್ರಯತ್ನಿಸು ಎಂಬ ಆಯ್ಕೆ ಇದೆ, ನೀವು ಒಪ್ಪಿದ ಸೈಟ್‌ಗಳನ್ನಷ್ಟೇ ಬಿಡುವ ಆಯ್ಕೆಯೂ ಇದೆ. ಹತ್ತು ವರ್ಷದೊಳಗಿನವರಿಗೆ ಎರಡನೆಯದು. ಬೇರೆ ಬ್ರೌಸರ್‌ಗಳನ್ನೆಲ್ಲ ಬ್ಲಾಕ್ ಮಾಡಿ, ಇಲ್ಲವಾದರೆ ಈ ಸೋಸುವಿಕೆಗೆ ಅರ್ಥವಿಲ್ಲ. ಯೂಟ್ಯೂಬ್ ಆ್ಯಪ್ ಮುಚ್ಚಿದರೂ ಕ್ರೋಮ್‌ನಲ್ಲಿ ಯೂಟ್ಯೂಬ್ ಸೈಟ್ ತೆರೆದುಕೊಳ್ಳುವ ದಾರಿ ಉಳಿದಿರಬಹುದು, ಅದನ್ನೂ ನೋಡಿ. ಮನೆಗೆ ವೈಫೈ ಇದ್ದರೆ ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಡಿಎನ್‌ಎಸ್ (ಸೈಟಿನ ಹೆಸರಿನಿಂದ ಅದರ ವಿಳಾಸ ಹುಡುಕಿಕೊಡುವ ಸೇವೆ) ಎಂಬ ಜಾಗದಲ್ಲಿ 1.1.1.3 ಮತ್ತು 1.0.0.3 ಹಾಕಿ. ಕ್ಲೌಡ್‌ಫ್ಲೇರ್ ಕಂಪನಿಯ ಈ ಉಚಿತ ಸೇವೆ ಅಶ್ಲೀಲ ಮತ್ತು ವೈರಸ್ ತಾಣಗಳನ್ನು ಮನೆಯ ಟಿವಿ ಸಮೇತ ಎಲ್ಲ ಸಾಧನಗಳಿಗೂ ತಡೆಯುತ್ತದೆ. ಸಿಮ್‌ನ ಡೇಟಾ ಆನ್ ಮಾಡಿದರೆ ಅದು ಲೆಕ್ಕಕ್ಕಿಲ್ಲ. ಆದ್ದರಿಂದ ಚಿಕ್ಕ ಮಗುವಿನ ಫೋನಿಗೆ ಸಿಮ್ ಹಾಕದೆ ವೈಫೈ ಮೇಲಷ್ಟೇ ಓಡಿಸುವುದು ಒಳ್ಳೆಯದು.

ಇಂಟರ್ನೆಟ್ ಇಲ್ಲದಾಗ ಏನು? ಮೊದಲೇ ಇಟ್ಟ ಮಿತಿಗಳು ನಡೆಯುತ್ತವೆ. ನೀವು ಈಗ ಬದಲಿಸಿದ್ದು ಮಾತ್ರ ಆ ಫೋನಿಗೆ ಮತ್ತೆ ನೆಟ್ ಸಿಕ್ಕ ಮೇಲೆ ಜಾರಿಗೆ ಬರುತ್ತದೆ. ಜಗಳೂರು ಕಡೆಯ ಹಳ್ಳಿಯಲ್ಲಿ ಸಿಗ್ನಲ್ ಇಲ್ಲದ ಮನೆಯಲ್ಲಿದ್ದು ‘ಲಾಕ್’ ಒತ್ತಿ ಕಾದರೆ ಪ್ರಯೋಜನವಿಲ್ಲ. ಅಂಥ ಕಡೆ ಬೀಗ ತೆಗೆಯಬೇಕಾದರೆ ಪೇರೆಂಟ್ ಆ್ಯಕ್ಸೆಸ್ ಕೋಡ್ ಬಳಸಿ. ನಿಮ್ಮ ಆ್ಯಪ್‌ನಲ್ಲಿ ಬರುವ ಅಂಕಿಗಳನ್ನು ಮಗುವಿನ ಫೋನಿನಲ್ಲಿ ಒತ್ತಿದರೆ ನೆಟ್ ಇಲ್ಲದೆಯೂ ತೆರೆಯುತ್ತದೆ. ಕೋಡ್ ಬದಲಾಗುತ್ತಿರುತ್ತದೆ, ಹಾಗಾಗಿ ಮಗು ಕೇಳಿಸಿಕೊಂಡರೂ ನಾಳೆಗೆ ಬರುವುದಿಲ್ಲ.

ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಒಳಗಿನ ವಿಷಯ ಫ್ಯಾಮಿಲಿ ಲಿಂಕ್‌ಗೆ ಕಾಣುವುದಿಲ್ಲ. ಎಷ್ಟು ಹೊತ್ತು ತೆರೆದಿತ್ತು ಎಂದಷ್ಟೇ ಹೇಳುತ್ತದೆ. ಎರಡಕ್ಕೂ ಕನಿಷ್ಠ ವಯಸ್ಸು 13, ಅದಕ್ಕಿಂತ ಚಿಕ್ಕವರಿಗೆ ಕೊಡಲೇಬೇಡಿ. ಇನ್‌ಸ್ಟಾಗ್ರಾಂ 2025ರಲ್ಲಿ ಭಾರತಕ್ಕೆ ತಂದ ಹದಿಹರೆಯದವರ ಖಾತೆ ಸ್ವಲ್ಪ ಸಹಾಯ ಮಾಡುತ್ತದೆ: ಖಾತೆ ಮೊದಲಿಗೇ ಖಾಸಗಿ, ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಸೂಚನೆಗಳು ಮೌನ, 16 ತುಂಬದವರು ಇದನ್ನು ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಅಲ್ಲೂ ಹುಟ್ಟಿದ ವರ್ಷ ಸುಳ್ಳು ಹಾಕಿದ್ದರೆ ಇದಾವುದೂ ಇಲ್ಲ.

ಮೆಸೇಜು ಓದಲು ಬಿಡುವುದಿಲ್ಲ ಎಂಬುದನ್ನು ಕೆಲವರು ಈ ಆ್ಯಪ್‌ನ ದೊಡ್ಡ ಕೊರತೆ ಎನ್ನುತ್ತಾರೆ. ನಮಗೆ ಅದು ಗುಣವಾಗಿಯೇ ಕಾಣುತ್ತದೆ. ಕದ್ದು ಓದುವ ಹೆತ್ತವರಿಗೆ ಮಕ್ಕಳು ತೊಂದರೆಯಾದಾಗ ಬಾಯಿ ಬಿಡುವುದಿಲ್ಲ, ಬೇರೆ ಖಾತೆ ಮಾಡಿಕೊಳ್ಳುತ್ತಾರೆ ಅಷ್ಟೆ. ಮಗುವಿನ ವಾಟ್ಸ್ಆ್ಯಪ್ ತೋರಿಸುತ್ತೇವೆ ಎಂದು ಹೇಳಿಕೊಳ್ಳುವ ಆ್ಯಪ್‌ಗಳನ್ನು ಹತ್ತಿರಕ್ಕೂ ಸೇರಿಸಬೇಡಿ. ಪ್ಲೇ ಸ್ಟೋರ್ ಹೊರಗಿನಿಂದ ಹಾಕಿಸಿ, ಆ್ಯಕ್ಸೆಸಿಬಿಲಿಟಿ ಅನುಮತಿ ಕೇಳುವ ಆ್ಯಪ್‌ಗೆ ಪರದೆಯ ಮೇಲಿನ ಎಲ್ಲವೂ ಕಾಣುತ್ತದೆ, ಓಟಿಪಿಯೂ ಸೇರಿ.

ಲೊಕೇಶನ್ ಸೌಲಭ್ಯ ಇದೆ, ಟ್ಯೂಷನ್ ಮುಗಿಸಿ ಮಗು ಎಲ್ಲಿಗೆ ಬಂತೆಂದು ನೋಡಲು ಸಾಕು. ಬ್ಯಾಟರಿ ಸೇವರ್ ಆನ್ ಇದ್ದರೆ ಹಳೆಯ ಜಾಗವನ್ನೇ ತೋರಿಸುತ್ತ ನಿಲ್ಲಬಹುದು.

ಐಫೋನ್ ಬಳಸುವ ಹೆತ್ತವರು ತಮ್ಮ ಫೋನಿನಿಂದ ಫ್ಯಾಮಿಲಿ ಲಿಂಕ್ ನಡೆಸಬಹುದು. ಮಗುವಿನ ಕೈಯಲ್ಲಿ ಐಫೋನ್ ಇದ್ದರೆ ಮಾತ್ರ ಸಮಯದ ಮಿತಿ ನಡೆಯದು, ಅಲ್ಲಿ ಆ್ಯಪಲ್‌ನದೇ ಸ್ಕ್ರೀನ್ ಟೈಮ್ ಬೇಕು. ವಿಂಡೋಸ್ ಲ್ಯಾಪ್‌ಟಾಪಿಗೆ ಮೈಕ್ರೋಸಾಫ್ಟ್ ಫ್ಯಾಮಿಲಿ ಸೇಫ್ಟಿ.

ಮೋಸದಿಂದ ಹಣ ಹೋಗಿದೆ ಎಂದು ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಹಿಡಿದು ನಿಲ್ಲಿಸುವುದು ಕಷ್ಟ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕಾಯ್ದೆ ನಿಷೇಧಿಸಿದೆ, ಅಂಥ ಲಿಂಕ್ ಮಗುವಿಗೆ ಬಂದರೆ ಅದನ್ನು ಆಟ ಎಂದು ತಿಳಿಯಬೇಡಿ. ಫೋನ್ ಕಿತ್ತುಕೊಂಡರೆ ಊಟ ಬಿಡುವ, ವಸ್ತು ಒಡೆಯುವ ಹಂತಕ್ಕೆ ಬಂದ ಮಗುವಿಗೆ ಯಾವ ಆ್ಯಪ್ ಸೆಟ್ಟಿಂಗೂ ಔಷಧವಲ್ಲ. 14416 ಟೆಲಿ-ಮಾನಸ್ ಸಹಾಯವಾಣಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ.

13 ದಾಟಿದವರಿಗೆ

ಚನ್ನಗಿರಿ, ಹೊನ್ನಾಳಿಯ ತೋಟದ ಮನೆಗಳಿಂದ ಮಕ್ಕಳು ಓದಲು ದಾವಣಗೆರೆಗೆ ಬಂದು ಹಾಸ್ಟೆಲಿನಲ್ಲೋ ರೂಮಿನಲ್ಲೋ ಇರುತ್ತಾರೆ. ಹೆತ್ತವರು ಅಲ್ಲಿಂದಲೇ ನಿಗಾ ಇಡಬಹುದು, ಎರಡು ಫೋನ್ ಒಂದೇ ಊರಿನಲ್ಲಿರಬೇಕೆಂದಿಲ್ಲ. ಆದರೆ 13 ದಾಟಿದವರ ಈಗಿರುವ ಖಾತೆಗೆ ನಿಗಾ ಸೇರಿಸಲು ಅವರ ಒಪ್ಪಿಗೆಯೂ ಬೇಕು. ಮಗುವಿನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್, ಅದರೊಳಗೆ ಪೇರೆಂಟಲ್ ಕಂಟ್ರೋಲ್ಸ್ ತೆರೆದು ಇಬ್ಬರೂ ಕೂತು ಮಾಡಬೇಕಾದ ಕೆಲಸ ಅದು, ಭಾನುವಾರ ಊರಿಗೆ ಬಂದಾಗ ಮಾಡಿ. ಹತ್ತನೇ ಕ್ಲಾಸಿನ ಹುಡುಗನಿಗೆ ಪ್ರತಿ ಆ್ಯಪ್‌ಗೂ ಒಪ್ಪಿಗೆ ಕೇಳುವ ನಿಯಮ ಹಾಕಿದರೆ ಅವನು ಒಪ್ಪುವುದಿಲ್ಲ, ಒಪ್ಪಬೇಕಿಲ್ಲ ಕೂಡ. ರಾತ್ರಿ 11ರಿಂದ ಬೆಳಿಗ್ಗೆ 5:30ರ ಡೌನ್‌ಟೈಮ್, ಒಂದೆರಡು ಆಟಗಳಿಗೆ ದಿನಕ್ಕೆ 30 ನಿಮಿಷದ ಮಿತಿ, ಲೊಕೇಶನ್ ಆನ್. ಇಷ್ಟಕ್ಕೆ ಮಾತಾಡಿಕೊಳ್ಳಿ, ಬೆಳಗಿನ ಓದಿಗೆ ಬೇಕಾದ ಆ್ಯಪ್‌ಗಳು ಯಾವುವೆಂದು ಅವನನ್ನೇ ಕೇಳಿ ‘ಯಾವಾಗಲೂ ಅನುಮತಿ’ ಪಟ್ಟಿಗೆ ಸೇರಿಸಿ, ಪರೀಕ್ಷೆ ಮುಗಿದ ಮೇಲೆ ಮತ್ತೆ ಕೂತು ಸಡಿಲಿಸಿ.